ಅಕ್ಕ ಮುಟ್ಟದ ಗೂಡು

ಬಹಳ ಬಹಳ ಹಿಂದೆ, ಭೂಮಿಯಲ್ಲಿ ಮನುಷ್ಯರಿಗೂ ಮಾಂತ್ರಿಕರಿಗೂ ಸಮಪಾಲು ಇದ್ದ ಕಾಲದಲ್ಲಿ, ಕೆಂದಳಿರು ಎಂಬ ರಾಜ್ಯವಿತ್ತು. ವೀರಮಲ್ಲ ಅಲ್ಲಿಯ ರಾಜ. ಅವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಚಾಗಲೆ, ಚಿಕ್ಕವನು ಕೇತರಸ. ಕೇತರಸ ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಳು. ಅಂದಿನಿಂದ ಅವನಿಗೆ ಅಕ್ಕನೇ ತಾಯಿ.

ಎಂಥ ತಾಯಿಯೂ ಮಗುವನ್ನು ಒಂದಲ್ಲ ಒಂದು ದಿನ ಕಂಕುಳಿನಿಂದ ಇಳಿಸುತ್ತಾಳೆ. ಚಾಗಲೆ ಇಳಿಸಲೇ ಇಲ್ಲ. ಹಲಸಿನ ತೊಳೆ ಬಿಡಿಸಿ ಕೊಟ್ಟಳು, ಕಬ್ಬಿನ ಸಿಪ್ಪೆ ಸುಲಿದು ಕೊಟ್ಟಳು. ಅವನಿಗೆ ಮೀಸೆ ಬಂದ ಮೇಲೂ ಪೇಟ ಸುತ್ತುವವಳು ಅವಳೇ, ಕುದುರೆಯ ಜೀನು ಬಿಗಿಯುವವಳು ಅವಳೇ. ಹುಡುಗ ಕೆಟ್ಟವನಲ್ಲ. ನಗುಮುಖ, ಮೆದು ಮಾತು. ಆದರೆ ಒಂದು ಗಂಟು ಹಾಕಲು ಬಾರದು. ಊರವರು ಬೆನ್ನ ಹಿಂದೆ, "ನಮ್ಮ ಯುವರಾಜರಿಗೆ ಆಕಳಿಸೋಕೂ ಅಕ್ಕ ಬೇಕು" ಎಂದು ನಗುತ್ತಿದ್ದರು. ಆ ಮಾತು ಚಾಗಲೆಯ ಕಿವಿಗೂ ಬಿದ್ದಿತ್ತು. "ಅವನಿಗೆ ನಾನಿದೀನಿ, ನಿಮಗೇನು ಹೊಟ್ಟೆಉರಿ?" ಎಂದು ಅವಳು ಗದ್ದ ಎತ್ತಿ ನಡೆದುಬಿಡುತ್ತಿದ್ದಳು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಪಟ್ಟವೇರುವವನು ಅದಕ್ಕೆ ಮುಂಚಿನ ವಸಂತದಲ್ಲಿ ಗೂಡುಗಾವಲು ಕೂರಬೇಕು. ಊರ ಹೊರಗೆ ದೊಡ್ಡ ಕೆರೆ, ಕೆರೆಯ ನೀರಿನ ಮೇಲೆ ಬಾಗಿದ ಜಾಲಿಮರ, ಮರದ ತುಂಬ ಗೀಜಗ ಹಕ್ಕಿಗಳು. ನಮ್ಮ ಕಡೆಯ ಗೀಜಗ ಮುಂಗಾರಿನ ವಾಸನೆ ಬಡಿದ ಮೇಲೆಯೇ ಗೂಡಿಗೆ ತೊಡಗುತ್ತದೆ. ಅಲ್ಲಿಯವು ಆತುರದ ಹಕ್ಕಿಗಳು. ಯುಗಾದಿಯ ಬೇವು ಹೂ ಬಿಟ್ಟಿತೋ ಇಲ್ಲವೋ, ಹುಲ್ಲು ಸೀಳಲು ಶುರುಮಾಡುತ್ತಿದ್ದವು. ಯುವರಾಜನಾದವನು ಕೆರೆ ಏರಿಯ ಹಾಸುಗಲ್ಲಿನ ಮೇಲೆ ಕೂತು ನೋಡಬೇಕು. ಗಂಡುಹಕ್ಕಿ ಮೊದಲ ಗಂಟು ಹಾಕುವಲ್ಲಿಂದ ಹೆಣ್ಣುಹಕ್ಕಿ ಬಂದು ಗೂಡು ಒಪ್ಪುವವರೆಗೆ, ಬೆಳಗಿನಿಂದ ಬೈಗಿನವರೆಗೆ ನೋಡಬೇಕು. ಮುಟ್ಟಬಾರದು, ನೆರವಾಗಬಾರದು. ಮುಟ್ಟದೆ ನೋಡಲಾರದವನು ಆಳಲಾರ ಎಂಬುದು ಅಲ್ಲಿಯ ಹಿರಿಯರ ಮಾತು.

ಹಾಗೆ ಗಾವಲು ಮುಗಿಸಿದವನು ಪಟ್ಟದ ದಿನ ಊರ ಹೆಬ್ಬಾಗಿಲಿನ ತೋರಣಕ್ಕೆ ತನ್ನ ಕೈಯಾರೆ ಒಂದು ಗಂಟು ಹಾಕುತ್ತಿದ್ದ. ಆ ಗಂಟು ಗಟ್ಟಿಯಾಗಿರುವ ತನಕ ಧೂಮಜಟಿ ಊರೊಳಗೆ ಕಾಲಿಡುವಂತಿಲ್ಲ. ಧೂಮಜಟಿ ಯಾರೆಂದರೆ, ಹೊಗೆಬೆಟ್ಟದ ಮಾಂತ್ರಿಕ. ಕಟ್ಟುವ ವಿದ್ಯೆ ಅವನಿಗೆ ಒಂದೂ ಬಾರದು, ಬಿಚ್ಚುವ ವಿದ್ಯೆ ಎಲ್ಲವೂ ಬರುತ್ತದೆ. ಅವನು ಉಫ್ ಎಂದು ಊದಿದರೆ ಯಾವ ಗಂಟೂ ನಿಲ್ಲದು. ಗಾವಲಿನ ಕಣ್ಣು ನೆಟ್ಟಿರುವ ಗೂಡಿಗೆ ಮಾತ್ರ ಅವನ ಉಸಿರು ತಾಗದು. ಹೊತ್ತು ಮುಳುಗಿದರೆ ಅವನ ಮಾಯೆಯೂ ಮಲಗಿಬಿಡುತ್ತದೆ.

ಮುದಿ ರಾಜ ವೀರಮಲ್ಲ ಕೇತರಸನಿಗೆ ಪಟ್ಟ ಕಟ್ಟಲು ಮನಸ್ಸು ಮಾಡಿದ. ವಸಂತ ಬಂತು. ಕೇತರಸ ಒಂದು ಬೆಳಗು ಹಾಸುಗಲ್ಲಿನ ಮೇಲೆ ಕೂತ. ಮಧ್ಯಾಹ್ನಕ್ಕೆ ಎದ್ದು ಬಂದ.

"ಅಕ್ಕಾ, ಹುಲ್ಲು ಬೀಳುತ್ತೆ, ಹಕ್ಕಿ ಎತ್ತುತ್ತೆ. ಮತ್ತೆ ಬೀಳುತ್ತೆ, ಮತ್ತೆ ಎತ್ತುತ್ತೆ. ಇದನ್ನ ಏನಂತ ನೋಡೋದು? ನನ್ನ ತಲೆ ಸಿಡೀತಿದೆ."

ಚಾಗಲೆ ಅವನ ಹಣೆ ಮುಟ್ಟಿ ನೋಡಿದಳು. "ನೀನು ಮಲಕ್ಕೋ ಹೋಗು. ನಾನು ನೋಡ್ಕೋತೀನಿ" ಎಂದಳು. ತಮ್ಮನ ಅಂಗಿ ತೊಟ್ಟು, ಪೇಟ ಸುತ್ತಿ, ಮೀಸೆಗೆ ಕಾಡಿಗೆ ಎಳೆದು, ಆ ಇಡೀ ವಸಂತ ಅವಳೇ ಗಾವಲು ಕೂತಳು. ದೂರದಿಂದ ನೋಡಿದವರಿಗೆ ಕೂತಿರುವುದು ಯುವರಾಜನೇ. "ಭಲೇ, ಎಷ್ಟು ಅಲ್ಲಾಡದೆ ಕೂತಿದಾರೆ!" ಎಂದು ಊರು ಹಾಡಿ ಹೊಗಳಿತು. ಹೊಗಳಿಕೆ ಕೇಳಿ ಅಕ್ಕ ತಮ್ಮ ಇಬ್ಬರೂ ನಕ್ಕರು.

ಮರುವರ್ಷದ ಯುಗಾದಿಗೆ ಪಟ್ಟ. ಊರೆಲ್ಲ ಹೆಬ್ಬಾಗಿಲಲ್ಲಿ ನೆರೆಯಿತು. ಹಳೆಯ ಗಂಟನ್ನು ವೀರಮಲ್ಲ ತಾನೇ ಬಿಚ್ಚಿದ. ಕೇತರಸ ಹಗ್ಗ ಹಿಡಿದು ಅಕ್ಕನ ಕಡೆ ನೋಡಿದ. ಅವಳು ಬೆರಳಲ್ಲೇ ಸನ್ನೆ ಮಾಡಿ ತೋರಿಸಿದಳು. ಅವನು ಹೇಗೋ ಒಂದು ಗಂಟು ಹಾಕಿದ. ಜನ ಜಯಕಾರ ಕೂಗುವ ಮೊದಲೇ, ಹೊಗೆಬೆಟ್ಟದ ಕಡೆಯಿಂದ ಉಫ್ ಎಂಬ ಗಾಳಿ ಬಂತು. ಗಂಟು ಬಿಚ್ಚಿ ತೋರಣ ನೆಲಕ್ಕೆ ಬಿತ್ತು.

ಆ ಗಾಳಿಯೊಂದಿಗೆ ಊರಿನ ಗಂಟುಗಳೆಲ್ಲ ಬಿಚ್ಚಿದವು. ಕರುಗಳು ಕಣ್ಣಿ ಕಳಚಿಕೊಂಡು ಓಡಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದವು. ದೋಣಿಗಳು ತಮ್ಮಷ್ಟಕ್ಕೆ ತೇಲಿಹೋದವು. ಮನೆಗಳ ಮೇಲಿನ ಸೋಗೆ ಜಾರಿತು, ತೊಟ್ಟಿಲುಗಳು ನೆಲಕ್ಕೆ ಕೂತವು. ಮಂತ್ರಿಗಳು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು ಗೋಡೆಯ ಮರೆ ಹುಡುಕಿದರು. ಹೊಗೆಯ ಜಡೆಗಳನ್ನು ಎಳೆಯುತ್ತ ಧೂಮಜಟಿ ಹೆಬ್ಬಾಗಿಲಲ್ಲಿ ಬಂದು ನಿಂತ.

"ಗಾವಲು ಕೂತವಳು ಇವಳು, ಗಂಟು ಹಾಕಿದವನು ಅವನು! ಬಾಗಿಲು ತೆಗೆದು ಕರೆದ ಹಾಗಾಯ್ತು ನನಗೆ" ಎಂದು ನಕ್ಕು, ಕೇತರಸನ ಮುಖಕ್ಕೆ ಹೊಗೆ ಊದಿದ. ಹೊಗೆ ತಿಳಿಯಾದಾಗ ಯುವರಾಜ ಇರಲಿಲ್ಲ. ಅವನ ಪಾದರಕ್ಷೆಯ ಮೇಲೆ ಒಂದು ಗಂಡು ಗೀಜಗ ಕೂತಿತ್ತು. ನೆತ್ತಿ ಹಳದಿ, ಮುಖ ಕಪ್ಪು. ಪಟ್ಟದ ಕಿರೀಟ ತಪ್ಪಿದರೂ ತಲೆಯ ಮೇಲೆ ಚಿನ್ನದ ಬಣ್ಣ ಬಂದಿತ್ತು, ಪಾಪ.

ವೀರಮಲ್ಲ ಮಗಳ ಕಡೆ ತಿರುಗಿದ. ಅವಳು ತಲೆ ತಗ್ಗಿಸಿದಳು. ಮುದಿ ರಾಜ ಎದೆ ಗಟ್ಟಿಮಾಡಿಕೊಂಡು ಕೇಳಿದ: "ಧೂಮಜಟಿ, ಯಾವ ಮಾಯೆಗೂ ಹೊರಬರುವ ದಾರಿ ಒಂದಿರಬೇಕು, ಮಾಟ ಮಾಡಿದವನು ಅದನ್ನು ಹೇಳಬೇಕು. ಇದು ನಿಮ್ಮ ಕುಲದ ಕಟ್ಟಳೆ. ಹೇಳು."

"ಹೇಳ್ತೀನಿ, ಕೇಳಿಸಿಕೋ. ಈ ವಸಂತ ಮುಗಿಯೋದರೊಳಗೆ ನಿನ್ನ ಮಗ ಒಂದು ಗೂಡು ಕಟ್ಟಬೇಕು. ಹೆಣ್ಣು ಗೀಜಗವೊಂದು ಅದನ್ನು ಒಪ್ಪಿ ಒಳಗೆ ಕೂರಬೇಕು. ಹಾಗಾದರೆ ಅವನು ಮನುಷ್ಯ, ನಾನು ಇಲ್ಲ. ಮನುಷ್ಯರು ಕೈಯಿಂದಲೋ ಬಾಯಿಂದಲೋ ಅವನಿಗೆ ನೆರವಾದಿರೋ, ಅವನು ಹಕ್ಕಿಯಾಗೇ ಸಾಯ್ತಾನೆ, ಈ ಊರು ನನ್ನದು." ಧೂಮಜಟಿ ಚಾಗಲೆಯನ್ನು ನೋಡಿ ಕಣ್ಣು ಮಿಟುಕಿಸಿದ. "ನನಗೆ ಭಯವಿಲ್ಲ. ಆ ಹುಡುಗನಿಗೆ ಕಟ್ಟೋಕೆ ಬರಲ್ಲ. ಈ ಹುಡುಗಿಗೆ ಸುಮ್ಮನಿರೋಕೆ ಬರಲ್ಲ."

ಗೀಜಗ ಪುರ್ರನೆ ಹಾರಿ ಕೆರೆಯ ಜಾಲಿಮರ ಸೇರಿತು. ಚಾಗಲೆ ಬರಿಗಾಲಲ್ಲಿ ಓಡಿಹೋಗಿ ಹಾಸುಗಲ್ಲಿನ ಮೇಲೆ ಕೂತಳು. ಈ ಸಲ ಮೀಸೆಯೂ ಇಲ್ಲ, ಪೇಟವೂ ಇಲ್ಲ. ತನ್ನ ಸೀರೆಯಲ್ಲಿ, ತನ್ನ ಹೆಸರಲ್ಲಿ ಕೂತಳು.

ಕೂತ ಮೇಲೆ ಗೊತ್ತಾಯಿತು ಅದೆಂಥ ಶಿಕ್ಷೆಯೆಂದು. ಕೇತರಸ ಹುಲ್ಲಿನ ಎಳೆಯೊಂದನ್ನು ಸೀಳಿ ತಂದ. ಕೊಂಬೆಗೆ ಇಟ್ಟ. ಬಿಟ್ಟ. ಎಳೆ ನೀರಿಗೆ ಬಿತ್ತು. ಇನ್ನೊಂದು ತಂದ, ಅದೂ ಬಿತ್ತು. ಸುತ್ತಲಿನ ಗೀಜಗಗಳು ಉಯ್ಯಾಲೆಯಂತೆ ಹುಲ್ಲಿನ ಬಳೆಗಳನ್ನು ಹೆಣೆದು ಜೋತಾಡುವ ಹೊತ್ತಿಗೆ, ಇವನ ಕೊಂಬೆಯ ಕೆಳಗೆ ನೀರಿನ ಮೇಲೆ ಹುಲ್ಲಿನ ಚಾಪೆಯೇ ಹಾಸಿತ್ತು. ಚಾಗಲೆಯ ಬೆರಳುಗಳು ಮಡಿಲಲ್ಲಿ ತಾವಾಗಿಯೇ ಗಂಟು ಹಾಕುತ್ತಿದ್ದವು. ಅರಮನೆಯಿಂದ ಬುತ್ತಿ ಬರುತ್ತಿತ್ತು. ಕಣ್ಣು ಮರದಲ್ಲಿ, ಕೈ ಬುತ್ತಿಯಲ್ಲಿ. ಒಮ್ಮೆ ಇಡೀ ಹಸಿಮೆಣಸಿನಕಾಯಿಯನ್ನೇ ಅಗಿದು ಕಣ್ಣೀರು ಧಾರೆಯಾಗಿ ಸುರಿದರೂ ಅವಳು ಕಣ್ಣು ಕೀಳಲಿಲ್ಲ.

ಒಂದು ದಿನ ಬಳೆಗಾರ್ತಿಯೊಬ್ಬಳು ಬಳೆ ಪೋಣಿಸಿದ ಮಲಾರ ಹೊತ್ತು ಏರಿಯ ಮೇಲೆ ಬಂದಳು. ಚಾಗಲೆಯ ಪಕ್ಕದಲ್ಲಿ ಕುಕ್ಕರಿಸಿ ಕೂತು ನಿಟ್ಟುಸಿರಿಟ್ಟಳು.

"ಅಯ್ಯೋ ನನ್ನವ್ವ, ಆ ಬಡಪಾಯಿ ಹಕ್ಕೀನ ನೋಡಿದರೆ ಹೊಟ್ಟೆ ಕಿವುಚುತ್ತೆ. ಇಗೋ, ಈ ರೇಷ್ಮೆ ಎಳೆ ಇಟ್ಕೋ. ಎಂಥ ಕೊಂಬೆಗಾದರೂ ತಾನೇ ಸುತ್ತಿಕೊಳ್ಳುತ್ತೆ. ನೀನೇನೂ ಕಟ್ಟಬೇಡ. ಗಾಳಿಗೆ ಬಿಡು ಸಾಕು. ಗಾಳಿ ತಗೊಂಡು ಹೋದರೆ ನಿನ್ನ ತಪ್ಪೇನು?"

ಎಳೆ ಅಂಗೈಗೆ ಬಂತು. ನುಣ್ಣಗಿತ್ತು. ಚಾಗಲೆಯ ಕೈ ಮೇಲೆದ್ದಿತು. ಬೆರಳು ಸಡಿಲಿಸಿದರೆ ಆಯಿತು, ತಮ್ಮನ ಮೊದಲ ಗಂಟು ಬಿದ್ದಂತೆಯೇ. ಅಷ್ಟರಲ್ಲಿ ಪಕ್ಕದ ಕೊಂಬೆಯಲ್ಲಿದ್ದ ಒಂದು ಮುದಿ ಗೀಜಗದ ಬಾಯಿಂದ ಹುಲ್ಲು ಜಾರಿ ನೀರಿಗೆ ಬಿತ್ತು. ಎಷ್ಟೋ ವಸಂತ ಕಂಡ ಹಕ್ಕಿ ಅದು. ಬಿದ್ದದ್ದನ್ನು ತಿರುಗಿ ಕೂಡ ನೋಡದೆ ಇನ್ನೊಂದನ್ನು ತರಲು ಹೋಯಿತು. ಚಾಗಲೆಗೆ ಕಳೆದ ವಸಂತ ಕಣ್ಣೆದುರು ಬಂತು. ಆಗ ನೋಡಿದ ಹಕ್ಕಿಗಳಲ್ಲಿ ಬೀಳಿಸದೆ ಕಲಿತದ್ದು ಒಂದಾದರೂ ಇತ್ತೇ?

"ನಿನ್ನ ಎಳೆ ನೀನೇ ತಗೋ, ತಾಯಿ" ಎಂದು, ಮುಖ ತಿರುಗಿಸದೆಯೇ ಅದನ್ನು ಮಲಾರದ ಮೇಲೆ ಹಾಕಿದಳು. "ನನ್ನ ಕೈಗಳಿಗೆ ಇಲ್ಲಿ ಕೆಲಸ ಇಲ್ಲ."

ಹೇಳಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತುಬಿಟ್ಟಳು. ಬಳೆಗಾರ್ತಿ ಗೊಣಗಿದಳು, ಬೈದಳು, ಅತ್ತಳು. ಚಾಗಲೆ ಅಲ್ಲಾಡಲಿಲ್ಲ. ಹೊತ್ತು ಇಳಿಯುವ ವೇಳೆಗೆ ಕೇತರಸ ಹುಲ್ಲಿನೆಳೆಯ ಒಂದು ತುದಿಯನ್ನು ಕಾಲಿನಿಂದ ಅದುಮಿ ಹಿಡಿದ. ಇನ್ನೊಂದು ತುದಿಯನ್ನು ಕೊಕ್ಕಿನಿಂದ ಸುತ್ತಿದ, ತೂರಿಸಿದ, ಎಳೆದ. ಬಿಟ್ಟ. ಎಳೆ ಬೀಳಲಿಲ್ಲ. ಜೋತಾಡುತ್ತ ನಿಂತಿತು.

ಆ ಕ್ಷಣವೇ ಬಳೆಗಾರ್ತಿಯ ಮಲಾರ ಕಳಚಿ ಬಳೆಗಳು ಏರಿಯ ತುಂಬ ಉರುಳಿದವು. ಬಳೆಗಾರ್ತಿ ಹೊಗೆಯಾಗಿ ಬೆಟ್ಟದ ಕಡೆ ಓಡಿದಳು. ಚಾಗಲೆ ಅದನ್ನು ನೋಡಲೂ ಇಲ್ಲ. ಅವಳು ಗಂಟನ್ನೇ ನೋಡುತ್ತಿದ್ದಳು. ಸೊಟ್ಟ ಗಂಟು. ಬೇರೆ ಹಕ್ಕಿಗಳು ನಕ್ಕಿದ್ದರೂ ನಕ್ಕಿರಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಸಾಕಿದ ಅಕ್ಕನಿಗೆ ಆ ಸೊಟ್ಟ ಗಂಟು ಮುದ್ದು. ಅವಳ ಎದೆ ಅದೆಷ್ಟು ಉಬ್ಬಿತೆಂದರೆ ಕುಪ್ಪಸ ಬಿಗಿಯಾಯಿತು.

ಒಂದು ಗಂಟು ಹತ್ತಿದ ಮೇಲೆ ಎರಡನೆಯದು ಹತ್ತಿತು. ಗಂಟುಗಳು ಸೇರಿ ಬಳೆಯಾಯಿತು, ಬಳೆಯ ಮೇಲೆ ಮಾಡು ಏಳತೊಡಗಿತು. ಅಷ್ಟರಲ್ಲಿ ನೆರೆಯ ಗಂಡುಗಳು ಇವನು ಹುಲ್ಲಿಗೆ ಹೋದಾಗ ಬಂದು ಇವನ ಗೂಡಿನ ಎಳೆಗಳನ್ನೇ ಕಿತ್ತು ತಮ್ಮ ಗೂಡಿಗೆ ಒಯ್ದವು. ಗೀಜಗಗಳಲ್ಲಿ ಅದು ಕಳ್ಳತನವಲ್ಲ, ನೆರೆಹೊರೆ. ಯುವರಾಜನೆಂದು ಅವಕ್ಕೇನು ಗೊತ್ತು? ಕೇತರಸ ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಅರ್ಧ ಆಗಿರುತ್ತಿತ್ತು.

ಸುದ್ದಿ ಅರಮನೆ ಮುಟ್ಟಿತು. ಒಂದು ದಿನ ಏರಿಯ ಮೇಲೆ ಆನೆಯ ಗಂಟೆ ಕೇಳಿಸಿತು. ಈ ಸಲ ಬಂದದ್ದು ಮಾಯೆಯಲ್ಲ, ಅದೇ ಕಷ್ಟ. ಬಂದವನು ವೀರಮಲ್ಲ. ಅವನ ಹಿಂದೆ ಬುಟ್ಟಿ ಹೆಣೆಯುವ ಮೇದರು, ಬಲೆ ಹಿಡಿದ ಬೆಸ್ತರು, ಅಕ್ಕಸಾಲಿಗರು. ಅಕ್ಕಸಾಲಿಗರ ಕೈಯಲ್ಲಿ ಚಿನ್ನದ ತಂತಿಯಲ್ಲಿ ಹೆಣೆದ ಒಂದು ಗೂಡು.

"ಚಾಗಲೆ, ಏಳಮ್ಮ" ಎಂದ ರಾಜ. "ಆ ಕಳ್ಳ ಹಕ್ಕಿಗಳನ್ನು ಬಲೆ ಹಾಕಿ ಹಿಡಿಸ್ತೀನಿ. ಈ ಗೂಡನ್ನು ಕೊಂಬೆಗೆ ತೂಗಿಸ್ತೀನಿ. ಹೆಣ್ಣುಹಕ್ಕಿ ಬಂದು ಒಳಗೆ ಕೂತರೆ ಸಾಕು."

"ಅಪ್ಪಾಜಿ, ಬೇಡಿ." ಅವಳು ಏಳಲಿಲ್ಲ, ತಿರುಗಲಿಲ್ಲ. ರಾಜನಿಗೆ ಬೆನ್ನು ತೋರಿಸಿ ಕೂತವರನ್ನು ಆ ರಾಜ್ಯ ಕಂಡಿರಲಿಲ್ಲ. ಮೇದರು ತಲೆ ತಗ್ಗಿಸಿದರು.

"ತಿರುಗಿ ಮಾತಾಡು!"

"ತಿರುಗಿದರೆ ಗೂಡು ಹೋಗುತ್ತೆ. ಆ ಧೂಮಜಟಿ ಬೆಟ್ಟದ ಮೇಲೆ ಬಾಯಿ ತೆರೆದು ಕೂತಿದಾನೆ."

ವೀರಮಲ್ಲ ಗದರಿದ. "ನೀನು ಅವನ ಅಕ್ಕನೋ ಹಗೆಯೋ? ಅಷ್ಟು ವರ್ಷ ತುತ್ತು ಮಾಡಿ ತಿನ್ನಿಸಿದವಳು ಈಗ ಕಲ್ಲಾಗಿ ಕೂತಿದೀಯಲ್ಲ!"

"ತಿನ್ನಿಸಿದ್ದಕ್ಕೇ ಅಪ್ಪಾಜಿ ಈ ಗತಿ ಬಂದಿದ್ದು." ಚಾಗಲೆ ಗೂಡಿನಿಂದ ಕಣ್ಣು ಕೀಳದೆಯೇ ಮಾತು ಮುಂದುವರಿಸಿದಳು. "ಬಲೆ ಬೀಸಿದರೂ ಅದು ನೆರವೇ, ಚಿನ್ನದ ಗೂಡು ತೂಗಿಸಿದರೂ ನೆರವೇ. ನನ್ನ ತಮ್ಮ ಹಕ್ಕಿಯಾಗಿ ಸಾಯಬೇಕಾ? ಆ ಮರ ಮುಟ್ಟಬೇಕಾದರೆ ಮೊದಲು ನನ್ನನ್ನು ದಾಟಿ ಹೋಗಿ. ಅಲ್ಲಿ ನೋಡಿ, ಅವನ ಎಳೆ ಕದ್ದವು. ಅವನು ಅತ್ತನಾ? ಯಾರನ್ನಾದರೂ ಕರೆದನಾ?"

ರಾಜ ಆನೆಯ ಮೇಲಿಂದ ಮರ ನೋಡಿದ. ಹಳದಿ ನೆತ್ತಿಯ ಚಿಕ್ಕ ಹಕ್ಕಿ ನೆರೆಯವನ ಮೇಲೆರಗಿ, ಕಿರುಚಿ, ತನ್ನ ಎಳೆಯನ್ನು ಕಿತ್ತು ವಾಪಸು ತರುತ್ತಿತ್ತು. ಮಗ ಯಾರೊಂದಿಗಾದರೂ ಜಗಳವಾಡಿ ತನ್ನದನ್ನು ತಾನು ಉಳಿಸಿಕೊಂಡದ್ದನ್ನು ವೀರಮಲ್ಲ ನೋಡಿದ್ದು ಅದೇ ಮೊದಲು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಬಲೆಗಳನ್ನು ಮಡಿಸಲು ಹೇಳಿ, ಆನೆಯಿಂದಿಳಿದು ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ನಡೆದುಕೊಂಡೇ ಊರಿಗೆ ಹೋದ.

ಹೊಂಗೆಯ ಹೂವು ಉದುರಲು ಶುರುವಾಯಿತು. ವಸಂತ ಮುಗಿಯುತ್ತ ಬಂದಿತ್ತು. ಕೇತರಸನ ಗೂಡು ಈಗ ಬೋರಲು ಹಾಕಿದ ಕುಡಿಕೆಯಂತೆ ತೂಗುತ್ತಿತ್ತು. ಇನ್ನು ಹೆಣ್ಣು ಒಪ್ಪಿದರೆ ಕೆಳಗಿನ ಭಾಗ ಮುಗಿಸುವುದು, ಗೀಜಗಗಳ ರೂಢಿ ಹಾಗೆ. ಹೆಣ್ಣುಹಕ್ಕಿಗಳು ಹಿಂಡಾಗಿ ಬಂದವು. ವಧುಪರೀಕ್ಷೆ ನಮ್ಮಲ್ಲಿ, ವರಪರೀಕ್ಷೆ ಅವರಲ್ಲಿ. ಕೇತರಸ ರೆಕ್ಕೆ ಬಡಿದು ಕುಣಿದ, ಹಾಡಿದ. ಒಂದು ಹೆಣ್ಣು ಬಂದು ಗೂಡಿಗೆ ಜೋತುಬಿದ್ದು ಜಗ್ಗಿ ನೋಡಿ ಹಾರಿಹೋಯಿತು. ಇನ್ನೊಂದು ಒಳಗೆ ತಲೆ ಹಾಕಿ ಹಾರಿಹೋಯಿತು. ಮೂರನೆಯದರ ಬಾಲದ ಒಂದು ಗರಿ ಮುರಿದಿತ್ತು, ಮೂಗಿನ ತುದಿಯಲ್ಲೇ ಕೋಪ. ಅದು ಗೂಡಿನ ಎಳೆಯೊಂದನ್ನು ಕಿತ್ತು, ತಿರಸ್ಕಾರದಿಂದ ನೀರಿಗೆಸೆದು ಹೋಯಿತು.

ಯಾಕೆಂದು ಚಾಗಲೆಗೆ ಗೊತ್ತಿತ್ತು. ಇಡೀ ವಸಂತ ಗಾವಲು ಕೂತವಳಲ್ಲವೇ? ಗಂಡು ಗೀಜಗ ಕೆರೆಯ ಅಂಚಿನಿಂದ ಹಸಿ ಜೇಡಿಮಣ್ಣು ತಂದು ಗೂಡಿನ ಒಳಮೈಗೆ ಮೆತ್ತುತ್ತದೆ. ಆ ಭಾರ ಇದ್ದರೆ ಗಾಳಿಗೆ ಗೂಡು ಹೊಯ್ದಾಡದು. ಕೇತರಸ ಜೇಡಿ ಹಾಕಿರಲಿಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಾಗಬೇಕಾದ ವಸಂತದಲ್ಲಿ ಅವನು ಮಲಗಿದ್ದ.

ಹಕ್ಕಿ ಹಾರಿಬಂದು ಅಕ್ಕನ ಮಂಡಿಯ ಮೇಲೆ ಕೂತಿತು. ಹಕ್ಕಿಯ ಕೊರಳಿಂದ ತಮ್ಮನ ಮಾತು ಬಂತು.

"ಅಕ್ಕಾ, ಎಲ್ಲಿ ತಪ್ಪಿದೆ ಹೇಳು."

ಚಾಗಲೆ ಅವನನ್ನು ನೋಡುವಂತಿಲ್ಲ. ಕಣ್ಣು ಗೂಡಿನ ಮೇಲಿರಬೇಕು. ಅವನ ಪುಟ್ಟ ಉಗುರುಗಳು ಮಂಡಿಯನ್ನು ಒತ್ತುತ್ತಿದ್ದವು. ಎಷ್ಟು ಹಗುರಾಗಿದ್ದಾನೆ ಎಂದುಕೊಂಡಳು.

"ನಿನಗೆ ಗೊತ್ತು. ನಿನ್ನ ಮುಖ ನೋಡಿದರೇ ತಿಳಿಯುತ್ತೆ. ಒಂದೇ ಒಂದು ಮಾತು ಅಕ್ಕಾ. ಆ ಧೂಮಜಟಿಗೆ ಕೇಳಿಸದ ಹಾಗೆ, ಪಿಸುಮಾತಲ್ಲಿ."

ಮಾತು ನಾಲಗೆಯ ತುದಿಗೆ ಬಂದಿತ್ತು. ಜೇಡಿ ಎಂದರೆ ಸಾಕು. ಆಕಾಶದಲ್ಲಿ ಒಂದು ತುಣುಕು ಹೊಗೆ ಹದ್ದಿನಂತೆ ಸುತ್ತುತ್ತಿತ್ತು. ಚಾಗಲೆ ಸೆರಗಿನ ಅಂಚನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದಳು.

"ಯಾವತ್ತೂ ನನಗೆ ಇಲ್ಲ ಅನ್ನದವಳು ಇವತ್ತೇ ಯಾಕೆ ಹೀಗೆ?" ದನಿ ಒಡೆಯಿತು. "ಹಕ್ಕಿಯಾಗಿ ಸಾಯಲಾ ನಾನು?"

ಅವಳ ಕಣ್ಣಲ್ಲಿ ನೀರು ತುಂಬಿ ಗೂಡು ಮಂಜಾಯಿತು. ರೆಪ್ಪೆ ಬಡಿದು ನೀರನ್ನು ಕೆಳಗೆ ಕೆಡವಿದಳು, ಗೂಡು ಮತ್ತೆ ಕಂಡಿತು. ಬಾಯಿ ಬಿಡಲಿಲ್ಲ. ಕೇತರಸ ಕಾದ. ಆಮೇಲೆ ಅವಳ ಬೆರಳಿನ ಗಿಣ್ಣನ್ನು ರಕ್ತ ಬರುವಂತೆ ಕುಕ್ಕಿ, ಮರಕ್ಕೆ ಹಾರಿ, ಅಷ್ಟು ದಿನ ಕಟ್ಟಿದ ಗೂಡನ್ನು ಎಳೆ ಎಳೆಯಾಗಿ ಕಿತ್ತು ಕೆರೆಗೆ ಚೆಲ್ಲಿದ. ಮೇಲಿನ ಹೊಗೆ ನಕ್ಕಿತು. ಚಾಗಲೆ ಸೆರಗು ಕಚ್ಚಿಕೊಂಡೇ ಬಿಕ್ಕಿದಳು.

ಇನ್ನು ಎಲ್ಲ ಮುಗಿಯಿತೆಂದು ಅವಳು ಎಣಿಸಿದಳು. ಮರುದಿನ ಬೆಳಗಾದಾಗ ಕೇತರಸ ಹುಲ್ಲು ತರಲು ಹೋಗಲಿಲ್ಲ. ಮುದಿ ಗೀಜಗದ ಗೂಡಿನ ಪಕ್ಕದ ಕೊಂಬೆಯ ಮೇಲೆ ಹೋಗಿ ಕೂತ. ಸುಮ್ಮನೆ ಕೂತ. ಮುದಿ ಹಕ್ಕಿ ಹಾರಿದರೆ ಎಲ್ಲಿಗೆ ಹಾರಿತೆಂದು ನೋಡಿದ. ಬಂದರೆ ಬಾಯಲ್ಲಿ ಏನಿದೆಯೆಂದು ನೋಡಿದ. ಕೆಳಗೆ ನೋಡಿದ, ಕೆರೆಯಂಚು ನೋಡಿದ, ಗಾಳಿ ಬಂದಾಗ ಯಾವ ಗೂಡು ಎಷ್ಟು ತೂಗಿತೆಂದು ನೋಡಿದ. ಮಧ್ಯಾಹ್ನ ಕಳೆಯಿತು. ಅವನು ಎದ್ದು ಹೋಗಲಿಲ್ಲ. ಬೈಗಾಯಿತು. ಆಗಲೂ ಅಲ್ಲೇ ಇದ್ದ.

ಯುವರಾಜ ಕೇತರಸ ಗೂಡುಗಾವಲು ಕೂತಿದ್ದ.

ಚಾಗಲೆಗೆ ಅದು ಹೊಳೆದಾಗ ಮೈಯೆಲ್ಲ ಜುಮ್ಮೆಂದಿತು. ಅವತ್ತು ಮರದಲ್ಲಿ ಅವನ ಗೂಡೇ ಇರಲಿಲ್ಲ, ಆದ್ದರಿಂದ ಅವಳು ಇಡೀ ದಿನ ಕಣ್ತುಂಬ ತಮ್ಮನನ್ನೇ ನೋಡಿದಳು.

ಮರುದಿನದಿಂದ ಅವನು ಕಟ್ಟಿದ ಪರಿಯೇ ಬೇರೆ. ಗಂಟು ಬಿಗಿಯಾಗಿ ಬಿತ್ತು, ಬಳೆ ದುಂಡಗೆ ಬಂತು, ಮಾಡು ಒತ್ತಾಗಿ ಕೂಡಿತು. ಆಮೇಲೆ ಕೆರೆಯಂಚಿಗಿಳಿದು ಬಾಯ್ತುಂಬ ಜೇಡಿ ಹೊತ್ತುತಂದು ಮೆತ್ತಿದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನಿಗೆ ಕೈಯೇ ಇಲ್ಲ, ಬಾಯಿಯೇ ಕೆಸರಾಯಿತು. ಹಳದಿ ನೆತ್ತಿಯವರೆಗೂ ಕೆಸರು ಮೆತ್ತಿಕೊಂಡಿದ್ದ ಆ ಹಕ್ಕಿಯಷ್ಟು ಚೆಲುವನಾದ ರಾಜಕುಮಾರ ಯಾವ ದೇಶದಲ್ಲೂ ಇಲ್ಲ ಎನಿಸಿತು ಚಾಗಲೆಗೆ. ಅಷ್ಟರಲ್ಲಿ ಊರವರೂ ಏರಿಗೆ ಬರತೊಡಗಿದ್ದರು. ಆಕಳಿಸುವ ಮಾತಾಡಿ ನಕ್ಕವರೇ ಈಗ ಉಸಿರು ಬಿಗಿಹಿಡಿದು, "ನಮ್ಮ ಯುವರಾಜರ ಕೈಕೆಲಸ ನೋಡ್ರೋ!" ಎಂದು ಪಕ್ಕದ ಊರಿನವರಿಗೆ ತೋರಿಸಿದರು.

ವಸಂತದ ಕೊನೆಯ ದಿನ ಬಾಲ ಮುರಿದ ಹೆಣ್ಣು ಮತ್ತೆ ಬಂತು. ಕೇತರಸ ಕುಣಿಯಲೂ ಇಲ್ಲ, ಹಾಡಲೂ ಇಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೆಣ್ಣು ಜೋತುಬಿದ್ದು ಜಗ್ಗಿತು. ಎಳೆ ಬರಲಿಲ್ಲ. ಒಳಹೊಕ್ಕಿತು, ಹೊರಬಂತು, ಗಾಳಿಗಾಗಿ ಕಾಯಿತು. ಗಾಳಿ ಬೀಸಿತು. ಗೂಡು ಘನವಾಗಿ ತೂಗಿ ನಿಂತಿತು. ಹೆಣ್ಣು ಮತ್ತೆ ಒಳಹೊಕ್ಕು, ರೆಕ್ಕೆ ಮಡಿಚಿ, ಕೂತುಬಿಟ್ಟಿತು.

ಧೂಮಜಟಿ ಬೆಟ್ಟದಿಂದ ಸಿಡಿಲಿನಂತೆ ಎರಗಿದ. ಕಣ್ಣಿನ ಗಾವಲೂ ನೆನಪಿರಲಿಲ್ಲ, ಕಟ್ಟಳೆಯೂ ನೆನಪಿರಲಿಲ್ಲ. ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಗೂಡಿನ ಮೇಲೆ ಊದಿದ. ಜಾಲಿಮರ ಬಾಗಿತು, ಕೆರೆ ಅಲೆಯೆದ್ದಿತು. ಗೂಡು ಬಿಚ್ಚಲಿಲ್ಲ. ಉಸಿರು ಗೂಡಿಗೆ ಬಡಿದು ಅವನಿಗೇ ತಿರುಗಿತು. ಅವನ ಹೊಗೆಯ ಜಡೆ ಬಿಚ್ಚಿತು, ಕೈಕಾಲು ಬಿಚ್ಚಿದವು, ನಗು ಬಿಚ್ಚಿತು. ಕೊನೆಗೆ ಧೂಮಜಟಿ ಎಂಬುವನು ಒಲೆಯ ಹೊಗೆಯಷ್ಟೂ ಉಳಿಯದೆ ನೀರಿನ ಮೇಲೆ ಚದುರಿಹೋದ.

ಅದೇ ಗಳಿಗೆಗೆ ಜಾಲಿಯ ತೆಳ್ಳನೆಯ ಕೊಂಬೆಯ ಮೇಲೆ ಗೀಜಗದ ಬದಲು ಆಳೆತ್ತರದ ಯುವರಾಜ ಕೂತಿದ್ದ. ಕೊಂಬೆ ತಡೆದೀತೇ? ಧುಡುಮ್ ಎಂದು ಕೆರೆಗೆ ಬಿದ್ದ. ಹೆಣ್ಣುಹಕ್ಕಿ ಗೂಡಿನಿಂದ ಒಮ್ಮೆ ತಲೆ ಹೊರಹಾಕಿ ನೋಡಿ ಒಳಗೆಳೆದುಕೊಂಡಿತು. ಅದಕ್ಕೆ ಒಪ್ಪಿಗೆಯಾದದ್ದು ಗೂಡು, ಯುವರಾಜನಲ್ಲ. ಮುದಿ ಗೀಜಗ ಆ ಸಂಜೆಯೇ ಅಲ್ಲಿಗೆ ಬಂದು ಹಾಡಿತು, ಸಂಸಾರ ಹೂಡಿತು.

ಚಾಗಲೆ ಆಗ ಕಣ್ಣು ಕಿತ್ತಳು. ತಮ್ಮ ಈಜಿಕೊಂಡು ಬಂದು ದಡ ಹತ್ತುವವರೆಗೆ ಕಾದಳು, ಕೈ ಚಾಚಲಿಲ್ಲ. ಅವನೇ ಬಂದು ಅವಳ ಕುಕ್ಕಿದ ಬೆರಳು ಹಿಡಿದುಕೊಂಡ.

"ನೋವಾಯ್ತಾ ಅಕ್ಕಾ?"

"ಆಯ್ತು. ತುಂಬ" ಎಂದು ಅವಳು ನಕ್ಕು ಅತ್ತಳು.

ಊರಿನ ಗಂಟುಗಳೆಲ್ಲ ಮರಳಿ ಬಿಗಿದುಕೊಂಡವು. ಕೇತರಸ ಹೆಬ್ಬಾಗಿಲಿಗೆ ಹೋಗಿ, ಯಾರ ಮುಖವನ್ನೂ ನೋಡದೆ, ತೋರಣದ ಗಂಟು ಹಾಕಿದ. ಆನೆ ಕಟ್ಟಿ ಎಳೆಸಿದರೂ ಅದು ಬಿಚ್ಚಲಿಲ್ಲ. ಪಟ್ಟ ನಡೆಯಿತು. ಅವನು ಬಹುಕಾಲ ಆಳಿದ. ಅವನ ಆಳಿಕೆಯಲ್ಲಿ ಯಾವ ಪ್ರಜೆ ತನ್ನ ಕಷ್ಟ ಹೇಳಿಕೊಂಡು ಬಂದರೂ ಅವನು ಮೊದಲು ಸುಮ್ಮನೆ ಕೂತು ಪೂರ್ತಿ ಕೇಳುತ್ತಿದ್ದ.

ಪಟ್ಟದ ಊಟಕ್ಕೆ ಏಳು ದೇಶದ ಅರಸರು ಬಂದಿದ್ದರು. ಗೂಡಿನ ಕತೆ ಆಗಲೇ ಹಬ್ಬಿತ್ತು. ಅವರಲ್ಲಿ ಹಿರಿಯನೊಬ್ಬ ಎಲೆಯ ಮುಂದೆ ಕೂತು ಕೇಳಿದ: "ಅಮ್ಮಾ ಚಾಗಲೆ, ಅಂಥ ಗೂಡು ಕಟ್ಟೋಕೆ ನಿನ್ನ ತಮ್ಮನಿಗೆ ಎಷ್ಟು ಹೇಳಿಕೊಟ್ಟೆ?"

ಪಂಕ್ತಿಯೆಲ್ಲ ಅವಳ ಕಡೆ ತಿರುಗಿತು. ಚಾಗಲೆ ನೆಟ್ಟಗೆ ಕೂತಳು. ಒಂದು ರಾಜ್ಯವನ್ನೇ ಗೆದ್ದು ಬಂದವಳ ಗತ್ತಿತ್ತು ಅವಳ ಮುಖದಲ್ಲಿ.

"ಏನೂ ಹೇಳಿಕೊಡಲಿಲ್ಲ" ಎಂದಳು.

ಕೆಂದಳಿರಿನವರು ತಮ್ಮ ಕೆರೆಯ ದಡದಲ್ಲಿ ಸುಖವಾಗಿದ್ದರು. ಕೇಳಿದ ನೀವೂ ಹೇಳಿದ ನಾವೂ ನಮ್ಮ ನಮ್ಮ ಗೂಡುಗಳಲ್ಲಿ ಸುಖವಾಗಿರೋಣ.